ಟೋಟಲ್ ಲಾಸ್ ಕಾರು: ಅಗ್ಗದ ಬೆಲೆಯ ಹಿಂದಿನ ಲೆಕ್ಕ

ಅಪಘಾತಕ್ಕೆ ಸಿಕ್ಕ, ನೆರೆಯಲ್ಲಿ ಮುಳುಗಿದ ಅಥವಾ ಬೆಂಕಿ ತಗುಲಿದ ಕಾರನ್ನು ರಿಪೇರಿ ಮಾಡಿಸುವುದಕ್ಕಿಂತ ಅದರ ಬೆಲೆಯನ್ನೇ ಮಾಲೀಕನಿಗೆ ಕೊಟ್ಟು ಕೈ ತೊಳೆದುಕೊಳ್ಳುವುದು ಲೇಸೆಂದು ವಿಮಾ ಕಂಪನಿ ತೀರ್ಮಾನಿಸಿದರೆ, ಆ ಕಾರು 'ಟೋಟಲ್ ಲಾಸ್' ಆಯಿತೆಂದು ಲೆಕ್ಕ. ಗ್ಯಾರೇಜಿನವರ ಮತ್ತು ಬ್ರೋಕರ್‌ಗಳ ಬಾಯಲ್ಲಿ ಅದು 'ಟಿ.ಎಲ್. ಗಾಡಿ'. ಇಂಥ ಕಾರುಗಳೆಲ್ಲ ಗುಜರಿಗೆ ಹೋಗುವುದಿಲ್ಲ. ಹಲವು ಕಾರುಗಳು ಟಿಂಕರಿಂಗ್, ಪೇಂಟಿಂಗ್ ಮುಗಿಸಿಕೊಂಡು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೆ ಮರಳುತ್ತವೆ. ಹೊಸಪೇಟೆ, ಕಂಪ್ಲಿ, ಸಂಡೂರಿನ ಕಡೆಯವರು ಹಳೆಯ ಕಾರು ಕೊಳ್ಳಲು ಊರ ಕಾರ್ ಬಜಾರಿನಿಂದ ಹಿಡಿದು ಬಳ್ಳಾರಿ, ಹುಬ್ಬಳ್ಳಿ, ಬೆಂಗಳೂರು, ಹೈದರಾಬಾದಿನವರೆಗೂ ಹುಡುಕುವುದುಂಟು. ಒಂದೇ ಮಾದರಿಯ, ಒಂದೇ ವರ್ಷದ ಎರಡು ಕಾರುಗಳಲ್ಲಿ ಒಂದರ ಬೆಲೆ ಇನ್ನೊಂದಕ್ಕಿಂತ ಲಕ್ಷಕ್ಕೂ ಮಿಕ್ಕಿ ಕಡಿಮೆ ಇದ್ದರೆ, ಆ ವ್ಯತ್ಯಾಸದ ಹಿಂದೆ ಇಂಥದೊಂದು ಕಥೆ ಇರುವ ಸಾಧ್ಯತೆ ಇದೆ. ಎಲ್ಲ ಟೋಟಲ್ ಲಾಸ್ ಕಾರುಗಳೂ ಕೆಟ್ಟವಲ್ಲ, ಎಲ್ಲವೂ ಕೊಳ್ಳತಕ್ಕವೂ ಅಲ್ಲ. ಟೋಟಲ್ ಲಾಸ್ ಆದದ್ದು ಯಾವ ಕಾರಣಕ್ಕೆ ಎಂಬುದರ ಮೇಲೆ ತೀರ್ಮಾನ ನಿಂತಿದೆ.

ಶೇ. 75ರ ಗೆರೆ

ಭಾರತದ ಮೋಟಾರು ವಿಮೆಯಲ್ಲಿ ಪ್ರತಿ ವಾಹನಕ್ಕೂ ಒಂದು ಘೋಷಿತ ಮೌಲ್ಯ ಇರುತ್ತದೆ. ಪಾಲಿಸಿಯ ಮೇಲೆ ಅದನ್ನು ಐ.ಡಿ.ವಿ. ಎಂದು ಮುದ್ರಿಸಿರುತ್ತಾರೆ. ತಯಾರಕರ ಮಾರಾಟ ಬೆಲೆಯಿಂದ ಕಾರಿನ ವಯಸ್ಸಿಗೆ ತಕ್ಕ ಸವಕಳಿ ಕಳೆದು ಇದನ್ನು ನಿಗದಿ ಮಾಡುವುದು ವಾಡಿಕೆ: ಆರು ತಿಂಗಳೊಳಗಿನ ಕಾರಿಗೆ ಶೇ. 5, ಒಂದು ವರ್ಷದೊಳಗೆ ಶೇ. 15, ಎರಡು ವರ್ಷದೊಳಗೆ ಶೇ. 20, ಮೂರು ವರ್ಷದೊಳಗೆ ಶೇ. 30, ನಾಲ್ಕು ವರ್ಷದೊಳಗೆ ಶೇ. 40, ಐದು ವರ್ಷದೊಳಗೆ ಶೇ. 50. ಅದಕ್ಕೂ ಹಳೆಯ ಗಾಡಿಯ ಮೌಲ್ಯವನ್ನು ಕಂಪನಿ ಮತ್ತು ಮಾಲೀಕ ಮಾತಾಡಿ ನಿಗದಿ ಮಾಡಿಕೊಳ್ಳುತ್ತಾರೆ. ಕಾರನ್ನು ಎತ್ತಿ ತರುವ ಮತ್ತು ರಿಪೇರಿ ಮಾಡಿಸುವ ಖರ್ಚು ಸೇರಿ ಐ.ಡಿ.ವಿ.ಯ ಶೇ. 75ನ್ನು ದಾಟಿದರೆ ಅದು ಟೋಟಲ್ ಲಾಸ್.

ಲೆಕ್ಕ ಬಿಡಿಸಿ ನೋಡಿದರೆ ವಿಷಯ ತಿಳಿಯಾಗುತ್ತದೆ. 8 ಲಕ್ಷ ರೂಪಾಯಿಯ ಕಾರೊಂದು ಮೂರು ವರ್ಷ ದಾಟಿ ನಾಲ್ಕನೆಯ ವರ್ಷದಲ್ಲಿದೆ ಎಂದಿಟ್ಟುಕೊಳ್ಳೋಣ. ಶೇ. 40 ಸವಕಳಿ ಕಳೆದರೆ ಐ.ಡಿ.ವಿ. 4.80 ಲಕ್ಷ, ಅದರ ಶೇ. 75 ಎಂದರೆ 3.60 ಲಕ್ಷ. ಕಂಪನಿಯ ಅಧಿಕೃತ ಸರ್ವೀಸ್ ಸೆಂಟರ್ ಹೊಸ ಬಿಡಿಭಾಗಗಳ ದರದಲ್ಲಿ 3.70 ಲಕ್ಷದ ಎಸ್ಟಿಮೇಟ್ ಕೊಟ್ಟರೆ ಕಾರು ಟೋಟಲ್ ಲಾಸ್ ಆಗುತ್ತದೆ. ಹೊಸತಾಗಿದ್ದು ಐ.ಡಿ.ವಿ. 7.60 ಲಕ್ಷ ಇದ್ದಾಗ ಇದೇ ಪೆಟ್ಟು ಬಿದ್ದಿದ್ದರೆ ಗೆರೆ 5.70 ಲಕ್ಷಕ್ಕೆ ಇರುತ್ತಿತ್ತು, ಕಾರು ಮಾಮೂಲಿ ಕ್ಲೇಮಿನಲ್ಲಿ ರಿಪೇರಿಯಾಗಿ ಬರುತ್ತಿತ್ತು. ಎರಡು ಏರ್‌ಬ್ಯಾಗ್, ಡ್ಯಾಶ್‌ಬೋರ್ಡ್, ಎರಡು ಹೆಡ್‌ಲೈಟ್, ಬಂಪರ್, ರೇಡಿಯೇಟರ್, ಬಾನೆಟ್ ಸೇರಿದರೆ ಹಳೆಯ ಕಾರಿನ ಎಸ್ಟಿಮೇಟ್ ಸುಲಭವಾಗಿ ಗೆರೆ ದಾಟುತ್ತದೆ. ಬಾಡಿಯ ಎಲುಬು ನೆಟ್ಟಗಿದ್ದರೂ ಹೀಗಾಗಬಹುದು. ಹಾಗೆಯೇ ಎಲುಬು ಮುರಿದ ಹೊಸ ಕಾರೊಂದು ಗೆರೆಯ ಈಚೆಗೇ ಉಳಿದು, ಟೋಟಲ್ ಲಾಸ್ ಆಗದೆ ರಸ್ತೆಗೆ ಮರಳಿರಲೂಬಹುದು.

ಹಾಗಾಗಿ ಟೋಟಲ್ ಲಾಸ್ ಎಂಬುದು ಹಣದ ಲೆಕ್ಕದಲ್ಲಿ ಬಂದ ತೀರ್ಪು. ಕಾರಿನ ಉಕ್ಕು ಎಷ್ಟು ಗಟ್ಟಿಯಾಗಿ ಉಳಿದಿದೆ ಎಂಬುದನ್ನು ಅದು ಹೇಳುವುದಿಲ್ಲ. ಅದನ್ನು ಕೊಳ್ಳುವವರೇ ತಿಳಿದುಕೊಳ್ಳಬೇಕು.

ಕ್ಲೇಮ್ ಮುಗಿದ ಮೇಲೆ

ಕ್ಲೇಮ್ ತೀರುವಾಗ ಕಾರಿನ ಮುಂದೆ ಎರಡು ದಾರಿಗಳಿರುತ್ತವೆ. ಒಂದರಲ್ಲಿ ಆರ್‌ಸಿ ರದ್ದಾಗುತ್ತದೆ. ಮೋಟಾರು ವಾಹನ ಕಾಯ್ದೆ 1988ರ 55ನೇ ಸೆಕ್ಷನ್ ಪ್ರಕಾರ, ವಾಹನ ನಾಶವಾಗಿದ್ದರೆ ಅಥವಾ ಶಾಶ್ವತವಾಗಿ ಬಳಕೆಗೆ ಬಾರದಂತಾಗಿದ್ದರೆ ಮಾಲೀಕ 14 ದಿನದೊಳಗೆ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಿ ಆರ್‌ಸಿ ಒಪ್ಪಿಸಬೇಕು. ಆ ಬಳಿಕ ಕಾರಿನ ಅವಶೇಷವನ್ನು ಬಿಡಿಭಾಗಗಳಿಗಾಗಿ ಮಾತ್ರ ಮಾರಬಹುದು. ಇನ್ನೊಂದು ದಾರಿಯಲ್ಲಿ ಆರ್‌ಸಿ ಜೀವಂತ ಉಳಿಯುತ್ತದೆ. ವಿಮಾ ಕಂಪನಿ ಹಾನಿಗೊಂಡ ಕಾರಿಗೆ ಸಾಲ್ವೇಜ್ ಖರೀದಿದಾರರಿಂದ ಬಿಡ್ ಪಡೆಯುತ್ತದೆ. ಬಂದ ಬೆಲೆಯನ್ನು ಪರಿಹಾರದಿಂದ ಕಳೆದುಕೊಂಡು ಕಾರನ್ನು ಮಾಲೀಕನಿಗೇ ಬಿಡಬಹುದು, ಇಲ್ಲವೇ ಬಿಡ್ ಗೆದ್ದವನಿಗೆ ಕೊಡಿಸಬಹುದು. ರಿಪೇರಿಯಾಗಿ ಮಾರಾಟಕ್ಕೆ ಬರುವುದು ಈ ಎರಡನೆಯ ಬಗೆಯ ಗಾಡಿ. ಅಧಿಕೃತ ಸರ್ವೀಸ್ ಸೆಂಟರ್ 3.70 ಲಕ್ಷ ಹೇಳಿದ ಕೆಲಸವನ್ನು ಹಳೆಯ ಬಿಡಿಭಾಗ ಹಾಕಿ ಖಾಸಗಿ ಗ್ಯಾರೇಜು ಬಹಳ ಕಡಿಮೆಗೆ ಮುಗಿಸಿಕೊಡುತ್ತದೆ. ಈ ದಂಧೆಯ ಲಾಭ ಇರುವುದು ಅಲ್ಲಿಯೇ.

ಅಮೆರಿಕದ ರಾಜ್ಯಗಳಲ್ಲಿ ಇಂಥ ಕಾರಿನ ಒಡೆತನದ ಪತ್ರದ ಮೇಲೆಯೇ 'ಸಾಲ್ವೇಜ್' ಎಂಬ ಗುರುತು ಬೀಳುತ್ತದೆ. ರಿಪೇರಿಯಾಗಿ ತಪಾಸಣೆ ದಾಟಿದ ಮೇಲೆ ಅದು 'ರೀಬಿಲ್ಟ್' ಆಗುತ್ತದೆ, ಆ ಗುರುತು ಕಾರಿನ ಜೊತೆ ಉಳಿಯುತ್ತದೆ. ಬ್ರಿಟನ್ನಿನಲ್ಲಿ 2017ರ ಅಕ್ಟೋಬರ್‌ನಿಂದ ಎ, ಬಿ, ಎಸ್, ಎನ್ ಎಂಬ ನಾಲ್ಕು ವರ್ಗಗಳಿವೆ. ಎ ಮತ್ತು ಬಿ ಮತ್ತೆ ರಸ್ತೆಗೆ ಬರುವಂತಿಲ್ಲ, ಎಸ್ ಎಂದರೆ ಚೌಕಟ್ಟಿಗೆ ಪೆಟ್ಟು, ಎನ್ ಎಂದರೆ ಚೌಕಟ್ಟಿಗೆ ಪೆಟ್ಟಿಲ್ಲ. ನಮ್ಮ ಆರ್‌ಸಿಯ ಮೇಲೆ ಅಂಥ ಗುರುತು ಇಲ್ಲ. ಆರ್‌ಸಿ ಜೀವಂತ ಉಳಿದ ಟೋಟಲ್ ಲಾಸ್ ಕಾರಿನ ಕಾಗದ, ಅಪಘಾತವನ್ನೇ ಕಾಣದ ಕಾರಿನ ಕಾಗದದಂತೆಯೇ ಕಾಣುತ್ತದೆ. ಮಾರುವವನು ಬಾಯಿ ಬಿಡದಿದ್ದರೆ ಚರಿತ್ರೆಯನ್ನು ಬೇರೆ ಕಡೆ ಹುಡುಕಬೇಕಾಗುತ್ತದೆ.

ನಾಲ್ಕು ಕಾರಣಗಳು, ನಾಲ್ಕು ಕಾರು

ಮೊದಲನೆಯದು ಡಿಕ್ಕಿ. ಈ ಭಾಗದಲ್ಲಿ ರಾಷ್ಟ್ರೀಯ ಹೆದ್ದಾರಿ 50 ಮತ್ತು 67 ಹೊಸಪೇಟೆಯಲ್ಲಿ ಸೇರುತ್ತವೆ. ಸಂಡೂರು, ತೋರಣಗಲ್ಲಿನ ಅದಿರು ಲಾರಿಗಳೂ ಹಂಪಿಗೆ ಬರುವ ಪ್ರವಾಸಿ ವಾಹನಗಳೂ ಇದೇ ಸುತ್ತಿನಲ್ಲಿ ಓಡಾಡುತ್ತವೆ. ಡಿಕ್ಕಿಯಲ್ಲಿ ಬಂಪರ್, ಬಾನೆಟ್, ಫೆಂಡರ್, ಬಾಗಿಲು ಕೆಟ್ಟರೆ ಅವನ್ನು ಬಿಚ್ಚಿ ಬೇರೆ ಹಾಕಿದರಾಯಿತು. ಪಿಲ್ಲರ್, ಮುಂದಿನ ಏಪ್ರನ್, ಸಸ್ಪೆನ್ಷನ್ ಕೂರುವ ಟವರ್, ಫ್ಲೋರ್ ಇವು ಕಾರಿನ ಎಲುಬು. ಹೆಚ್ಚಿನ ಕಾರುಗಳಲ್ಲಿ ಬಾಡಿ ಮತ್ತು ಚಾಸಿಸ್ ಒಂದೇ ತುಂಡು. ಡಿಕ್ಕಿಯ ಹೊಡೆತವನ್ನು ಮುಂಭಾಗ ಮುದುಡಿ ಹೀರಿಕೊಳ್ಳಬೇಕು, ಒಳಗೆ ಜನ ಕೂರುವ ಜಾಗ ಗಟ್ಟಿಯಾಗಿ ನಿಲ್ಲಬೇಕು ಎಂಬುದು ಅದರ ವಿನ್ಯಾಸ. ಅಲ್ಲಿ ಬಳಸುವ ಗಟ್ಟಿ ಉಕ್ಕನ್ನು ಗ್ಯಾಸ್ ಬೆಂಕಿಯಲ್ಲಿ ಕಾಯಿಸಿ ನೆಟ್ಟಗೆ ಮಾಡಿದರೆ ಅದರ ಬಲ ಕುಂದುತ್ತದೆ. ಹೊರಗಿನಿಂದ ಕಾರು ಮೊದಲಿನಂತೆ ಕಂಡರೂ ಮುಂದಿನ ಡಿಕ್ಕಿಯಲ್ಲಿ ಮೊದಲಿನಂತೆ ವರ್ತಿಸುವುದಿಲ್ಲ. ಬೊಲೆರೊದಂಥ ಬೇರೆ ಚಾಸಿಸ್ ಇರುವ ಗಾಡಿಗಳಲ್ಲಿ ಮೇಲಿನ ಬಾಡಿಯನ್ನು ಸರಿಪಡಿಸುವುದು ಸುಲಭ, ಆದರೆ ಕೆಳಗಿನ ಚಾಸಿಸ್ ಸೊಟ್ಟಗಾಗಿದ್ದರೆ ಗಾಡಿ ಒಂದು ಕಡೆಗೆ ಎಳೆಯುತ್ತದೆ, ಟೈರು ಬೇಗ ಸವೆಯುತ್ತದೆ.

ಎರಡನೆಯದು ನೀರು. ಎಲ್ಲಕ್ಕಿಂತ ಮೋಸಗಾರ ಕಾರಣ ಇದೇ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಪೂರ್ವ ಭಾಗದ ಬಡಾವಣೆಗಳು ಮುಳುಗಿದಾಗ ದುಬಾರಿ ಕಾರುಗಳೂ ನೀರಿನಲ್ಲಿ ನಿಂತಿದ್ದವು. 2020ರ ಅಕ್ಟೋಬರ್‌ನಲ್ಲಿ ಹೈದರಾಬಾದ್, 2015 ಮತ್ತು 2023ರ ಡಿಸೆಂಬರ್‌ನಲ್ಲಿ ಚೆನ್ನೈ, 2024ರ ಸೆಪ್ಟೆಂಬರ್‌ನಲ್ಲಿ ವಿಜಯವಾಡ ನೆರೆ ಕಂಡವು. ನಮ್ಮಲ್ಲೂ ತುಂಗಭದ್ರಾ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಕಂಪ್ಲಿ ಸೇತುವೆ ಮುಳುಗಿ ಗಂಗಾವತಿ ಕಡೆಯ ಸಂಚಾರ ನಿಲ್ಲುತ್ತದೆ, ಹಂಪಿಯ ಪುರಂದರ ಮಂಟಪ ನೀರಿನಡಿ ಹೋಗುತ್ತದೆ. ನೀರಿನಲ್ಲಿ ನಿಂತ ಕಾರಿನ ಎಂಜಿನ್ನನ್ನು ಸ್ಟಾರ್ಟ್ ಮಾಡಿದರೆ ಸಿಲಿಂಡರಿನೊಳಗೆ ಸೇರಿದ ನೀರು ಗಾಳಿಯಂತೆ ಕುಗ್ಗುವುದಿಲ್ಲ. ಪಿಸ್ಟನ್ನಿನ ಒತ್ತಡಕ್ಕೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಎಂಜಿನ್ ಬಿಚ್ಚಿ ಸರಿಪಡಿಸಬಹುದು. ವೈರಿಂಗ್ ಮಾತ್ರ ಹಾಗಲ್ಲ. ಇ.ಸಿ.ಯು., ಏರ್‌ಬ್ಯಾಗ್ ನಿಯಂತ್ರಕ, ಎ.ಬಿ.ಎಸ್., ಡ್ಯಾಶ್‌ಬೋರ್ಡಿನಡಿಯ ನೂರಾರು ಕನೆಕ್ಟರ್‌ಗಳಲ್ಲಿ ಸೇರಿದ ತೇವ ತಿಂಗಳುಗಟ್ಟಲೆ ಕಳೆದ ಮೇಲೆ ಹಸಿರು ಕಿಲುಬಾಗಿ ಹೊರಬರುತ್ತದೆ. ಕೊಂಡ ದಿನ ಚೆನ್ನಾಗಿ ಓಡಿದ ಕಾರು ಮುಂದಿನ ಮಳೆಗಾಲದಲ್ಲಿ ನಡುದಾರಿಯಲ್ಲಿ ನಿಲ್ಲಬಹುದು.

ಮೂರನೆಯದು ಬೆಂಕಿ. ಎಂಜಿನ್ ಭಾಗದಲ್ಲಿ ಬೆಂಕಿ ಹತ್ತಿದ ಕಾರಿನ ವೈರಿಂಗ್, ರಬ್ಬರ್, ಪ್ಲಾಸ್ಟಿಕ್ ಮಾತ್ರವಲ್ಲ, ಉಕ್ಕಿನ ಗುಣವೂ ಕೆಡುತ್ತದೆ. ಇಂಥದು ಬಿಡಿಭಾಗಕ್ಕೆ ಮಾತ್ರ ಯೋಗ್ಯ.

ನಾಲ್ಕನೆಯದು ಕಳವು. ಕಾರು ಕಳುವಾಗಿ ಪೊಲೀಸರು ಪತ್ತೆಯಾಗಿಲ್ಲವೆಂದು 'ಸಿ' ರಿಪೋರ್ಟ್ ಕೊಟ್ಟ ಮೇಲೆ ವಿಮಾ ಕಂಪನಿ ಹಣ ಪಾವತಿಸುತ್ತದೆ. ಆಮೇಲೆ ಗಾಡಿ ಸಿಕ್ಕರೆ ಅದು ಕಂಪನಿಯ ಸ್ವತ್ತಾಗಿ ಮಾರಾಟಕ್ಕೆ ಬರುತ್ತದೆ. ಇಂಥ ಕಾರಿನ ಬಾಡಿ, ಎಂಜಿನ್ ಸರಿಯಾಗಿರಬಹುದು. ನ್ಯಾಯಾಲಯದ ಬಿಡುಗಡೆ ಆದೇಶ ಮತ್ತು ಕಂಪನಿಯ ಮಾರಾಟ ಪತ್ರ ಇದ್ದರೆ ನಾಲ್ಕು ಬಗೆಗಳಲ್ಲಿ ಇದೇ ಉತ್ತಮ.

ಕಾಗದದಲ್ಲಿ ಸಿಗುವ ಸುಳಿವು

ಮೊದಲು ನೋಡಬೇಕಾದದ್ದು ಹಳೆಯ ವಿಮಾ ಪಾಲಿಸಿ. ಕ್ಲೇಮ್ ಮಾಡದ ವರ್ಷಗಳಿಗೆ ನೋ ಕ್ಲೇಮ್ ಬೋನಸ್ ಎಂಬ ರಿಯಾಯಿತಿ ಇದೆ: ಮೊದಲ ವರ್ಷಕ್ಕೆ ಶೇ. 20, ಆಮೇಲೆ 25, 35, 45, 50. ಸ್ವಂತ ಹಾನಿಗೆ ಕ್ಲೇಮ್ ಮಾಡಿದ ಮರುವರ್ಷ ಅದು ಸೊನ್ನೆಗಿಳಿಯುತ್ತದೆ. ಒಬ್ಬನೇ ಮಾಲೀಕನ ಕೈಯಲ್ಲಿ ನಾಲ್ಕು ವರ್ಷ ಇದ್ದ ಕಾರಿನ ಪಾಲಿಸಿಯಲ್ಲಿ ಬೋನಸ್ ಸೊನ್ನೆ ಇದ್ದರೆ, ಹಿಂದಿನ ವರ್ಷ ಕ್ಲೇಮ್ ಆಗಿರಬೇಕು, ಇಲ್ಲವೇ ವಿಮೆ ಕಟ್ಟದೆ ಬಿಟ್ಟಿರಬೇಕು. ಎರಡಕ್ಕೂ ಮಾರುವವನು ವಿವರಣೆ ಕೊಡಬೇಕಾಗುತ್ತದೆ. ಬೋನಸ್ ಮಾಲೀಕನಿಗೆ ಸೇರಿದ್ದು, ಕಾರಿಗಲ್ಲ. ಇತ್ತೀಚೆಗೆ ಕೈ ಬದಲಾದ ಕಾರಿನಲ್ಲಿ ಸೊನ್ನೆ ಇರುವುದು ಸಹಜವಾದ್ದರಿಂದ ಆಗ ಹಿಂದಿನ ಮಾಲೀಕನ ಪಾಲಿಸಿಯನ್ನು ಕೇಳಬೇಕು. ಪಾಲಿಸಿಯ ನಡುವೆ ತಿಂಗಳುಗಳ ಅಂತರವಿದ್ದರೆ ಆ ಅವಧಿಯಲ್ಲಿ ಕಾರು ಗ್ಯಾರೇಜಿನಲ್ಲಿ ನಿಂತಿತ್ತೇ ಎಂಬ ಪ್ರಶ್ನೆಯೂ ಏಳುತ್ತದೆ.

ಎರಡನೆಯದು ಸರ್ವೀಸ್ ಚರಿತ್ರೆ. ಅಧಿಕೃತ ಸರ್ವೀಸ್ ಸೆಂಟರಿನಲ್ಲಿ ಚಾಸಿಸ್ ನಂಬರಿನಿಂದ ಹಿಂದಿನ ಸರ್ವೀಸುಗಳ ದಾಖಲೆ ತೆಗೆಯಬಹುದು. ಮಾಲೀಕನೇ ಜೊತೆಗೆ ಬಂದರೆ ಕೆಲಸ ಸುಲಭ. ಬಾಡಿ ಶಾಪಿನ ದೊಡ್ಡ ಎಸ್ಟಿಮೇಟ್ ಇದ್ದು ಅದರ ಬಿಲ್ಲು ಇಲ್ಲದಿದ್ದರೆ, ಕಾರು ಅಲ್ಲಿ ರಿಪೇರಿಯಾಗದೆ ಹೊರಗೆ ಹೋಗಿದೆ ಎಂದರ್ಥ. ಟೋಟಲ್ ಲಾಸಿನ ಗಟ್ಟಿ ಸುಳಿವುಗಳಲ್ಲಿ ಇದೂ ಒಂದು.

ಮೂರನೆಯದು ಪರಿವಾಹನ್ ಜಾಲತಾಣ ಅಥವಾ ಎಂ-ಪರಿವಾಹನ್ ಆ್ಯಪ್. ನೋಂದಣಿ ಸಂಖ್ಯೆ ಹಾಕಿದರೆ ಆರ್‌ಸಿ ಸ್ಥಿತಿ, ನೋಂದಣಿಯ ದಿನಾಂಕ, ಎಷ್ಟನೆಯ ಮಾಲೀಕ, ವಿಮೆಯ ಅವಧಿ, ಸಾಲ ಕೊಟ್ಟ ಸಂಸ್ಥೆ, ಕಪ್ಪುಪಟ್ಟಿಯ ಮಾಹಿತಿ ಕಾಣುತ್ತವೆ. ಆರ್‌ಸಿ ರದ್ದಾಗಿದ್ದರೆ ಮಾತು ಅಲ್ಲಿಗೇ ಮುಗಿಸಬೇಕು. ನೋಂದಣಿ ಇಲ್ಲದ ಗಾಡಿ ಓಡಿಸಿದರೆ ಮೊದಲ ಸಲ 2,000ದಿಂದ 5,000 ರೂಪಾಯಿವರೆಗೆ ದಂಡ, ಮತ್ತೆ ಸಿಕ್ಕಿಬಿದ್ದರೆ ಒಂದು ವರ್ಷದವರೆಗೆ ಜೈಲೂ ಆಗಬಹುದು. ಗಾಡಿಯನ್ನು ಜಪ್ತಿ ಮಾಡುವ ಅಧಿಕಾರವೂ ಕಾನೂನಿನಲ್ಲಿದೆ. ಆದರೆ ಆರ್‌ಸಿ 'ಆ್ಯಕ್ಟಿವ್' ಎಂದು ಕಂಡ ಮಾತ್ರಕ್ಕೆ ಕಾರು ಟೋಟಲ್ ಲಾಸ್ ಆಗಿರಲಿಲ್ಲ ಎಂದು ಸಾಬೀತಾಗುವುದಿಲ್ಲ.

ಮಾರುವವನು ಟೋಟಲ್ ಲಾಸ್ ಎಂದು ಒಪ್ಪಿಕೊಂಡರೆ ಅದು ಒಳ್ಳೆಯ ಲಕ್ಷಣ. ಆಗ ವಿಮಾ ಸರ್ವೇಯರ್ ವರದಿ, ಸಾಲ್ವೇಜ್ ಮಾರಾಟದ ಪತ್ರ, ರಿಪೇರಿಗೆ ಮೊದಲಿನ ಫೋಟೊಗಳು, ರಿಪೇರಿಯ ಬಿಲ್ಲುಗಳನ್ನು ಕೇಳಬೇಕು. ಈ ನಾಲ್ಕೂ ಇದ್ದರೆ ಕಾರಿನ ಕಥೆ ಪೂರ್ತಿ ಕಣ್ಣೆದುರಿಗೆ ಬರುತ್ತದೆ. "ಸಣ್ಣ ಟಚ್ ಅಷ್ಟೇ ಸರ, ಬಂಪರ್ ಬದಲಿಸಿದ್ದು" ಎಂಬ ಬಾಯಿಮಾತು ಈ ನಾಲ್ಕರಲ್ಲಿ ಒಂದಕ್ಕೂ ಸಮವಲ್ಲ.

ಗಾಡಿಯ ಮೈಮೇಲಿನ ಸುಳಿವು

ಕಾರನ್ನು ಹಗಲು ಬೆಳಕಿನಲ್ಲಿ, ತೊಳೆದು ಒಣಗಿದ ಮೇಲೆ ನೋಡಬೇಕು. ಬಾನೆಟ್ ಎತ್ತಿ ಫೆಂಡರನ್ನು ಹಿಡಿದಿರುವ ಬೋಲ್ಟುಗಳ ತಲೆ ನೋಡುವುದರಿಂದ ಆರಂಭಿಸಬಹುದು. ಕಾರ್ಖಾನೆಯಲ್ಲಿ ಬಾಡಿಯ ಜೊತೆಗೇ ಬಣ್ಣ ಬಿದ್ದ ಬೋಲ್ಟಿನ ಮೂಲೆಗಳು ನುಣುಪಾಗಿರುತ್ತವೆ. ಸ್ಪ್ಯಾನರ್ ಹಾಕಿ ತಿರುಗಿಸಿದ್ದರೆ ಮೂಲೆಯ ಬಣ್ಣ ಎದ್ದು ಲೋಹ ಹೊಳೆಯುತ್ತದೆ, ಬೋಲ್ಟಿನ ಸುತ್ತ ವಾಷರಿನ ಹಳೆಯ ಗುರುತು ಪಕ್ಕಕ್ಕೆ ಸರಿದಿರುತ್ತದೆ. ಬಾಗಿಲಿನ ಕೀಲು ಮತ್ತು ಡಿಕ್ಕಿ ಮುಚ್ಚಳದ ಬೋಲ್ಟುಗಳಿಗೂ ಇದೇ ಪರೀಕ್ಷೆ. ಫೆಂಡರ್ ಒಂದೇ ಬದಲಾಗಿದ್ದರೆ ಗಾಬರಿ ಬೇಡ. ಅದರ ಹಿಂದಿನ ಏಪ್ರನ್ನಿನಲ್ಲಿ ಸಾಲಾಗಿ ಒಂದೇ ಅಂತರದಲ್ಲಿರಬೇಕಾದ ದುಂಡು ಸ್ಪಾಟ್ ವೆಲ್ಡಿಂಗ್ ಗುರುತುಗಳ ಬದಲು ಗಂಟುಗಂಟಾದ ವೆಲ್ಡಿಂಗ್ ಕಂಡರೆ ಪೆಟ್ಟು ಎಲುಬಿಗೆ ಬಿದ್ದಿದೆ ಎಂದೇ ತಿಳಿಯಬೇಕು.

ಬಾಗಿಲಿನ ರಬ್ಬರ್ ಬೀಡಿಂಗನ್ನು ಸ್ವಲ್ಪ ಎಳೆದರೆ ಪಿಲ್ಲರ್ ಅಂಚಿನ ಸ್ಪಾಟ್ ವೆಲ್ಡಿಂಗ್ ಕಾಣುತ್ತದೆ. ಡಿಕ್ಕಿಯ ಮ್ಯಾಟ್ ಎತ್ತಿ, ಸ್ಟೆಪ್ನಿ ತೆಗೆದು ಅದರ ಗುಂಡಿಯಲ್ಲಿ ಮಡಿಕೆ, ಪುಟ್ಟಿ, ತುಕ್ಕು ಇದೆಯೇ ನೋಡಬೇಕು. ಬಣ್ಣದ ದಪ್ಪ ಅಳೆಯುವ ಮೀಟರ್ ಕೆಲವು ಗ್ಯಾರೇಜುಗಳಲ್ಲಿ ಇರುತ್ತದೆ. ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ 80ರಿಂದ 150 ಮೈಕ್ರಾನ್ ಇರುತ್ತದೆ, ಪುಟ್ಟಿ ಮೆತ್ತಿದ ಕಡೆ ಅದರ ಹಲವು ಪಟ್ಟು ತೋರಿಸುತ್ತದೆ. ಬಾಗಿಲು, ಬಂಪರಿಗೆ ಮರುಬಣ್ಣ ಸಾಮಾನ್ಯ ಸಂಗತಿ. ಮೇಲ್ಛಾವಣಿ ಮತ್ತು ಪಿಲ್ಲರುಗಳಿಗೆ ಮರುಬಣ್ಣ ಆಗಿದ್ದರೆ ಕಾರು ಪಲ್ಟಿಯಾಗಿರುವ ಅನುಮಾನ ಬರಬೇಕು. ಗಾಜುಗಳ ಮೂಲೆಯಲ್ಲಿ ತಯಾರಕರ ಹೆಸರು ಮತ್ತು ವರ್ಷದ ಸಂಕೇತ ಇರುತ್ತದೆ. ಕಾರು ತಯಾರಾದ ವರ್ಷಕ್ಕಿಂತ ಈಚಿನ ಗಾಜು ಎಷ್ಟಿವೆಯೋ ಅಷ್ಟು ಗಾಜು ಒಡೆದಿವೆ ಎಂದು ಲೆಕ್ಕ.

ಏರ್‌ಬ್ಯಾಗಿನ ವಿಷಯದಲ್ಲಿ ರಾಜಿ ಸಲ್ಲದು. ಡ್ರೈವರ್ ಏರ್‌ಬ್ಯಾಗ್ 2019ರ ಜುಲೈನಿಂದ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯ. ಕೀ ತಿರುಗಿಸಿದಾಗ ಏರ್‌ಬ್ಯಾಗ್ ದೀಪ ಹೊತ್ತಿ ಕೆಲವು ಸೆಕೆಂಡಿನಲ್ಲಿ ಆರಬೇಕು. ಹೊತ್ತದೇ ಇದ್ದರೆ ದೀಪವನ್ನೇ ತೆಗೆದಿರಬಹುದು. ಬೇರೆ ದೀಪದ ಜೊತೆಗೇ ಹೊತ್ತಿ ಆರಿದರೆ ವೈರ್ ಅದಕ್ಕೆ ಜೋಡಿಸಿರಬಹುದು. ಬಿಚ್ಚಿಕೊಂಡ ಏರ್‌ಬ್ಯಾಗಿಗೆ ಹೊಸದನ್ನು ಹಾಕದೆ ಬರೀ ಮುಚ್ಚಳ ಅಂಟಿಸಿ, ಅದರ ವೈರಿಗೆ ರೆಸಿಸ್ಟರ್ ಕೊಟ್ಟು ದೀಪವನ್ನು ಸುಮ್ಮನಾಗಿಸುವವರೂ ಇದ್ದಾರೆ. ಆ ತಯಾರಕರ ಸ್ಕ್ಯಾನರ್ ಹಾಕಿ ಏರ್‌ಬ್ಯಾಗ್ ನಿಯಂತ್ರಕದ ದೋಷ ದಾಖಲೆ ನೋಡಿಸುವುದೇ ನಂಬಬಹುದಾದ ದಾರಿ.

ನೀರಿನ ಗುರುತು ಹುಡುಕುವಾಗ ಈ ಸೀಮೆಯವರು ಒಂದು ಸಂಗತಿ ಗಮನಿಸಬೇಕು. ಸಂಡೂರು, ದೋಣಿಮಲೈ, ತೋರಣಗಲ್ಲಿನಲ್ಲಿ ಓಡಿದ ಗಾಡಿಯ ಕಾರ್ಪೆಟ್ಟಿನಡಿ, ಏರ್ ಫಿಲ್ಟರಿನಲ್ಲಿ, ಬಾಗಿಲಿನ ಸಂದಿಯಲ್ಲಿ ಕೆಂಪು ದೂಳು ಇದ್ದೇ ಇರುತ್ತದೆ. ಅದು ನೆರೆಯ ಗುರುತಲ್ಲ. ಅದಿರಿನ ದೂಳು ಒಣಗಿದ ಹುಡಿ, ಗಾಳಿ ನುಗ್ಗಿದ ಕಡೆಯೆಲ್ಲ ತೆಳುವಾಗಿ ಹರಡಿರುತ್ತದೆ, ಬಟ್ಟೆಯಲ್ಲಿ ಒರೆಸಿದರೆ ಬರುತ್ತದೆ. ನೆರೆಯ ಕೆಸರು ಒಣಗಿ ಪದರವಾಗಿ ಅಂಟಿಕೊಂಡಿರುತ್ತದೆ, ಒಂದು ಎತ್ತರದವರೆಗೆ ಇದ್ದು ಅಲ್ಲಿ ಗೆರೆ ಎಳೆದಂತೆ ನಿಲ್ಲುತ್ತದೆ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ನೋಡಿದರೆ ಒಳಗೆ ಸುತ್ತಿಕೊಂಡಿರುವ ಭಾಗದಲ್ಲಿ ಆ ಗೆರೆ ಉಳಿದಿರುತ್ತದೆ. ಸೀಟು ತೊಳೆದವರು ಅಷ್ಟು ದೂರ ತೊಳೆದಿರುವುದಿಲ್ಲ. ಸೀಟಿನ ಹಳಿ, ಪೆಡಲಿನ ಮೇಲ್ಭಾಗದ ಸ್ಕ್ರೂ, ಸ್ಟೇರಿಂಗ್ ಕೆಳಗಿನ ಬ್ರ್ಯಾಕೆಟ್‌ಗಳಿಗೆ ತುಕ್ಕು, ಹೆಡ್‌ಲೈಟಿನೊಳಗೆ ಮಣ್ಣು, ಫ್ಯೂಸ್ ಪೆಟ್ಟಿಗೆಯಲ್ಲಿ ಕಿಲುಬು, ಎ.ಸಿ. ಹಾಕಿದೊಡನೆ ಮುಗ್ಗಲು ವಾಸನೆ ಇವು ಉಳಿದ ಸಾಕ್ಷಿಗಳು.

ನಂಬರ್ ಬದಲಿಸುವ ದಂಧೆ

ಟೋಟಲ್ ಲಾಸ್ ಕಾರಿನ ದೊಡ್ಡ ಅಪಾಯ ಬೇರೆಯದು. ಜಜ್ಜಿಹೋದ ಕಾರೊಂದನ್ನು ಆರ್‌ಸಿ ಸಮೇತ ಕೊಳ್ಳುವುದು, ಅದೇ ಮಾದರಿಯ, ಅದೇ ಬಣ್ಣದ ಕಾರೊಂದನ್ನು ಕದಿಯುವುದು, ಜಜ್ಜಿದ ಕಾರಿನ ಚಾಸಿಸ್ ನಂಬರನ್ನು ಕದ್ದ ಕಾರಿಗೆ ಕೆತ್ತುವುದು: ದೇಶದ ಹಲವೆಡೆ ಪೊಲೀಸರು ಬಯಲಿಗೆಳೆದ ದಂಧೆಯ ವಿಧಾನ ಇದು. ಕದ್ದ ವಾಹನಗಳ ಬಿಡಿಭಾಗಕ್ಕೆ ಕುಖ್ಯಾತವಾಗಿದ್ದ ಮೀರತ್‌ನ ಸೋತಿಗಂಜ್ ಮಾರುಕಟ್ಟೆಯನ್ನು ಉತ್ತರ ಪ್ರದೇಶ ಪೊಲೀಸರು 2021ರ ಡಿಸೆಂಬರ್‌ನಲ್ಲಿ ಮುಚ್ಚಿಸಿದರು. ಇಂಥ ಕಾರಿನ ಕಾಗದ ಅಸಲಿ, ಗಾಡಿ ನಕಲಿ.

ಚಾಸಿಸ್ ನಂಬರ್ 17 ಅಕ್ಷರ ಮತ್ತು ಅಂಕಿಗಳದ್ದು. ಅದರಲ್ಲಿ ಐ, ಒ, ಕ್ಯೂ ಎಂಬ ಇಂಗ್ಲಿಷ್ ಅಕ್ಷರಗಳನ್ನು ಬಳಸುವುದಿಲ್ಲ. ಬಾಡಿಯ ಮೇಲೆ ಕೆತ್ತಿದ ನಂಬರ್, ತಯಾರಕರ ಫಲಕದ ನಂಬರ್, ಆರ್‌ಸಿಯ ನಂಬರ್, ಸ್ಕ್ಯಾನರಿನಲ್ಲಿ ಇ.ಸಿ.ಯು. ತೋರಿಸುವ ನಂಬರ್ ಎಲ್ಲವೂ ಒಂದೇ ಇರಬೇಕು. ಅಕ್ಷರಗಳ ಆಳ, ಅಂತರ ಏರುಪೇರಾಗಿದ್ದರೆ, ಸುತ್ತ ಉಜ್ಜಿದ ಅಥವಾ ವೆಲ್ಡಿಂಗ್ ಮಾಡಿದ ಗುರುತಿದ್ದರೆ ಕೊಳ್ಳಬಾರದು. ಕೆತ್ತಿದ ನಂಬರ್ ಆರ್‌ಸಿಗೆ ಹೊಂದದಿದ್ದರೆ 55ನೇ ಸೆಕ್ಷನ್ನಿನಡಿ ನೋಂದಣಿಯನ್ನೇ ರದ್ದು ಮಾಡಬಹುದು. ಕದ್ದ ಮಾಲೆಂದು ಗೊತ್ತಿದ್ದೂ ಇಟ್ಟುಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 317ನೇ ಸೆಕ್ಷನ್ ಅನ್ವಯಿಸುತ್ತದೆ. ಗೊತ್ತಿಲ್ಲದೆ ಕೊಂಡವನಿಗೆ ಜೈಲು ತಪ್ಪಬಹುದು, ಕಾರು ಕೈ ತಪ್ಪುವುದು ಮಾತ್ರ ನಿಲ್ಲದು.

ಅಗ್ಗದ ಬೆಲೆ ಎಷ್ಟು ಅಗ್ಗ?

ಒಳ್ಳೆಯ ಸ್ಥಿತಿಯ ಕಾರಿಗೆ 5 ಲಕ್ಷ ಬೆಲೆ ಇರುವಾಗ ಟೋಟಲ್ ಲಾಸ್ ಕಾರಿಗೆ 3.60 ಲಕ್ಷ ಹೇಳಿದರೆ ಉಳಿತಾಯ 1.40 ಲಕ್ಷ ಎನಿಸುತ್ತದೆ. ಆ ಉಳಿತಾಯದಿಂದ ಕಳೆಯಬೇಕಾದವು ಹಲವು. ಬ್ಯಾಂಕುಗಳು ಇಂಥ ಕಾರಿಗೆ ಸಾಲ ಕೊಡಲು ಹಿಂದೇಟು ಹಾಕುತ್ತವೆ, ಖಾಸಗಿ ಫೈನಾನ್ಸಿನ ಬಡ್ಡಿ ಹೆಚ್ಚು. ವಿಮಾ ಕಂಪನಿಗೆ ಹಳೆಯ ಕ್ಲೇಮ್ ಗೊತ್ತಿದ್ದರೆ ತಪಾಸಣೆ ಕೇಳಬಹುದು, ಆಗ ಕಂಡ ಹಳೆಯ ಪೆಟ್ಟುಗಳಿಗೆ ಮುಂದೆ ಪರಿಹಾರ ಸಿಗದು. ಬಾಕಿ ಉಳಿದ ಸೆನ್ಸರ್, ಸಸ್ಪೆನ್ಷನ್, ಟೈರುಗಳ ಖರ್ಚು ಮೊದಲ ವರ್ಷದಲ್ಲೇ ಬರುತ್ತದೆ. ಕೊನೆಗೆ ಮಾರುವಾಗ ಮುಂದಿನ ಗಿರಾಕಿಯೂ ಇದೇ ರಿಯಾಯಿತಿ ಕೇಳುತ್ತಾನೆ. ಎರಡು ವರ್ಷಕ್ಕೆ ಕಾರು ಬದಲಿಸುವವರಿಗೆ ಇದರಲ್ಲಿ ಲಾಭ ಉಳಿಯುವುದು ಕಷ್ಟ. ಗಾಡಿ ಸವೆಯುವವರೆಗೆ ಇಟ್ಟುಕೊಳ್ಳುವವರಿಗೆ ಮಾತ್ರ ಲೆಕ್ಕ ಹೊಂದುತ್ತದೆ.

ಕಾರು ಆಂಧ್ರ ಅಥವಾ ತೆಲಂಗಾಣದ್ದಾದರೆ ಆ ರಾಜ್ಯದ ಆರ್‌ಟಿಒದಿಂದ ಫಾರಂ 28ರಲ್ಲಿ ಎನ್‌ಒಸಿ ತರಬೇಕು, ಕರ್ನಾಟಕದ ಜೀವಾವಧಿ ತೆರಿಗೆ ಕಟ್ಟಬೇಕು. ಕೊಳ್ಳುವ ಮೊದಲೇ ಹೊಸಪೇಟೆಯ ಆರ್‌ಟಿಒ ಕಚೇರಿಯಲ್ಲಿ ತೆರಿಗೆ ಎಷ್ಟೆಂದು ಕೇಳಿದರೆ ಲೆಕ್ಕ ತಲೆಕೆಳಗಾಗುವುದು ತಪ್ಪುತ್ತದೆ.

ಕೊಂಡ ಮೇಲೆ

ರಾಜ್ಯದೊಳಗಿನ ಮಾರಾಟದಲ್ಲಿ ಮಾರಿದವನು 14 ದಿನದೊಳಗೆ, ಕೊಂಡವನು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಫಾರಂ 29 ಮತ್ತು 30, ಚಾಸಿಸ್ ನಂಬರಿನ ಪೆನ್ಸಿಲ್ ಪ್ರಿಂಟ್, ಸಾಲವಿದ್ದರೆ ಫಾರಂ 35 ಮತ್ತು ಬ್ಯಾಂಕಿನ ಎನ್‌ಒಸಿ ಬೇಕು. ಸಹಿ ಮಾಡಿದ ಫಾರಂ ಇಟ್ಟುಕೊಂಡು ಹೆಸರು ಬದಲಿಸದೆ ಓಡಿಸುವ ರೂಢಿ ಇಬ್ಬರಿಗೂ ಅಪಾಯ. ನವೀನ್ ಕುಮಾರ್ ಪ್ರಕರಣದಲ್ಲಿ 2018ರಲ್ಲಿ ಸುಪ್ರೀಂ ಕೋರ್ಟ್ ಆರ್‌ಟಿಒ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಅಪಘಾತ ಪರಿಹಾರಕ್ಕೆ ಹೊಣೆ ಎಂದು ಹೇಳಿದೆ. ಮಾರಾಟವಾದೊಡನೆ ಥರ್ಡ್ ಪಾರ್ಟಿ ವಿಮೆ ಕೊಂಡವನ ಹೆಸರಿಗೆ ಬಂದಂತೆ ಕಾನೂನು ಭಾವಿಸುತ್ತದೆ. ಸ್ವಂತ ಹಾನಿಯ ವಿಮೆ ಹಾಗಲ್ಲ, 14 ದಿನದೊಳಗೆ ಅರ್ಜಿ ಕೊಟ್ಟು ಬದಲಿಸಿಕೊಳ್ಳಬೇಕು.

ಹಳೆಯ ಕಾರು ಮಾರುವ ಡೀಲರುಗಳು 2023ರ ಏಪ್ರಿಲ್ 1ರಿಂದ ನೋಂದಣಿ ಪ್ರಾಧಿಕಾರದ ಅಧಿಕಾರ ಪತ್ರ ಪಡೆದಿರಬೇಕು. ಕಾರು ಡೀಲರ ಕೈಗೆ ಬಂದಾಗ ಫಾರಂ 29ಸಿ ಮೂಲಕ ಅದು ದಾಖಲಾಗಬೇಕು. ಅಧಿಕಾರ ಪತ್ರ ತೋರಿಸದ ಅಂಗಡಿಯಲ್ಲಿ ವ್ಯವಹಾರ ಮಾಡದಿರುವುದೇ ಕ್ಷೇಮ. ಡೀಲರು ಟೋಟಲ್ ಲಾಸ್ ವಿಷಯ ಮುಚ್ಚಿಟ್ಟು ಮಾರಿದ್ದರೆ ಕೊಂಡವನು ತಾನಿರುವ ಜಿಲ್ಲೆಯ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು. ಕಾರಿನ ಬೆಲೆ 5 ಲಕ್ಷದವರೆಗೆ ಇದ್ದರೆ ಶುಲ್ಕವಿಲ್ಲ. ಖಾಸಗಿ ವ್ಯಕ್ತಿಯಿಂದ ಕೊಂಡಾಗ ಈ ದಾರಿ ಇರುವುದಿಲ್ಲ, ಪೊಲೀಸ್ ದೂರು ಅಥವಾ ಸಿವಿಲ್ ದಾವೆಯೇ ಗತಿ. ಆದ್ದರಿಂದ ಮಾರಾಟ ಕರಾರಿನಲ್ಲಿ 'ಈ ವಾಹನ ಟೋಟಲ್ ಲಾಸ್ ಆಗಿಲ್ಲ, ನೆರೆಯಲ್ಲಿ ಮುಳುಗಿಲ್ಲ' ಎಂಬ ಸಾಲು, ಇಲ್ಲವೇ ಆಗಿದ್ದರೆ ಅದರ ವಿವರ ಬರೆಸಿ ಸಹಿ ಪಡೆಯಬೇಕು. ಆ ಸಾಲಿಗೆ ಸಹಿ ಹಾಕಲು ಒಪ್ಪದ ಮಾರಾಟಗಾರ ಅಲ್ಲಿಯೇ ಉತ್ತರ ಕೊಟ್ಟಂತೆ.

ಕೊಳ್ಳಬಹುದಾದದ್ದು, ಬಿಡಬೇಕಾದದ್ದು

ನೆರೆಯ ಕಾರು, ಬೆಂಕಿಯ ಕಾರು, ಪಲ್ಟಿಯಾದ ಕಾರು, ಪಿಲ್ಲರ್ ಅಥವಾ ಏಪ್ರನ್ನಿಗೆ ವೆಲ್ಡಿಂಗ್ ಬಿದ್ದ ಕಾರು, ಏರ್‌ಬ್ಯಾಗ್ ಮರುಜೋಡಣೆಯಾಗದ ಕಾರು, ನಂಬರಿನಲ್ಲಿ ಅನುಮಾನವಿರುವ ಕಾರು ಎಷ್ಟೇ ಅಗ್ಗಕ್ಕೆ ಬಂದರೂ ಬಿಡಬೇಕು. ಐ.ಡಿ.ವಿ. ಕಡಿಮೆ ಇದ್ದುದರಿಂದ ಗೆರೆ ದಾಟಿ, ಬೋಲ್ಟ್ ಬಿಚ್ಚಿ ಬದಲಿಸಬಹುದಾದ ಭಾಗಗಳಿಗೆ ಮಾತ್ರ ಪೆಟ್ಟು ಬಿದ್ದು, ಸರ್ವೇಯರ್ ವರದಿ, ಫೋಟೊ, ಬಿಲ್ಲುಗಳೆಲ್ಲ ಇದ್ದು, ನಂಬುಗೆಯ ಮೆಕ್ಯಾನಿಕ್ ಲಿಫ್ಟ್ ಮೇಲೆ ಹತ್ತಿಸಿ ನೋಡಿ ಒಪ್ಪಿದ ಕಾರನ್ನು ಕೊಳ್ಳಬಹುದು. ಅದೂ ಮಾರುಕಟ್ಟೆ ಬೆಲೆಗಿಂತ ಸಾಕಷ್ಟು ಕಡಿಮೆಗೆ, ಬಹಳ ವರ್ಷ ಇಟ್ಟುಕೊಳ್ಳುವ ಇರಾದೆ ಇದ್ದಾಗ ಮಾತ್ರ. ಈ ಕಾಗದಗಳಲ್ಲಿ ಒಂದನ್ನಾದರೂ ಮಾರುವವನು ತೋರಿಸದಿದ್ದರೆ, ಬೆಲೆಯ ಮಾತಿಗೆ ಕೂರದೆ ಎದ್ದು ಬರುವುದೇ ಜಾಣತನ.